ಕಚೇರಿಯೇ ಇಲ್ಲದ ಕಂಪನಿಯನ್ನು ನಂಬಿ ಸೇರಬಹುದೇ?

ಹೋದ ತಿಂಗಳು ಗದಗಿನ ಹುಡುಗಿಯೊಬ್ಬಳು ಫೋನ್ ಮಾಡಿ, "ಅಕ್ಕಾರ, ಕಂಪನಿ ಚಲೋ ಐತಿ ಅಂತಾರ್ರೀ, ಆದ್ರ ಅದಕ್ಕ ಆಫೀಸ ಇಲ್ಲಂತ. ಸಾಹೇಬರನ್ನ ಸ್ಕ್ರೀನ್ ಮ್ಯಾಲ ಬಿಟ್ರ ಎಲ್ಲೂ ನೋಡಿಲ್ಲ. ನಂಬಿ ಸೇರಬಹುದೇನ್ರೀ?" ಎಂದು ಕೇಳಿದಳು. ತಿಂಗಳಿಗೆ ಒಬ್ಬರಿಬ್ಬರಾದರೂ ನನ್ನನ್ನು ಕೇಳುವ ಪ್ರಶ್ನೆ ಇದು. ಈಗಷ್ಟೇ ಪದವಿ ಮುಗಿಸಿದವರು ಕೇಳುತ್ತಾರೆ, ಮದುವೆಯಾಗಿ ಬೆಂಗಳೂರಿನ ನೌಕರಿ ಬಿಟ್ಟು ಹುಬ್ಬಳ್ಳಿಗೆ ಬಂದವರು ಕೇಳುತ್ತಾರೆ, ಅವರಿಗಿಂತ ಹೆಚ್ಚಾಗಿ ಅವರ ತಂದೆ ತಾಯಿ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧ ಉತ್ತರ ಕೊಡುವುದಕ್ಕಿಂತ ಒಮ್ಮೆ ಪೂರ್ತಿ ಬರೆದುಬಿಡುವುದು ಒಳ್ಳೆಯದೆಂದು ಕುಳಿತಿದ್ದೇನೆ.

ನಾನು ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ಕುಳಿತು ಆರು ವರ್ಷಗಳಿಂದ ಇಂಥ ಏಜೆನ್ಸಿಗಳಿಗೆ ದುಡಿಯುತ್ತಿದ್ದೇನೆ. ಬೇರೆ ಕಂಪನಿಗಳ ವೆಬ್‌ಸೈಟ್, ಜಾಹೀರಾತು, ಗ್ರಾಹಕರಿಗೆ ಕಳಿಸುವ ಸುದ್ದಿಪತ್ರ ಇವುಗಳನ್ನು ಸಿದ್ಧಪಡಿಸಿಕೊಡುವುದು ನಮ್ಮ ಕೆಲಸ. ಮೊದಲ ಏಜೆನ್ಸಿಯಲ್ಲಿ ಎರಡು ವರ್ಷ ಇದ್ದೆ, ಈಗಿನದರಲ್ಲಿ ನಾಲ್ಕು ವರ್ಷವಾಯಿತು. ಎರಡಕ್ಕೂ ಕಚೇರಿ ಇಲ್ಲ, ಎರಡರಲ್ಲೂ ಬಳಸುವ ತಂತ್ರಾಂಶಗಳು ಅವೇ, ಸಂಬಳದಲ್ಲಿಯೂ ಅಂಥ ಅಂತರವಿರಲಿಲ್ಲ. ಆದರೂ ಒಂದರಲ್ಲಿ ಪ್ರತಿ ಭಾನುವಾರ ಸಂಜೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು, ಇನ್ನೊಂದರಲ್ಲಿ ಅಂಥ ಭಾನುವಾರ ಒಂದೂ ಬಂದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಬಹಳ ಯೋಚಿಸಿದ್ದೇನೆ. ಕೆಲಸದಲ್ಲಿ ತಪ್ಪಾದ ದಿನ ಮುಖ್ಯಸ್ಥರಾದವರು ಎಲ್ಲರೂ ಓದುವ ಜಾಗದಲ್ಲಿ ಏನು ಬರೆಯುತ್ತಾರೆ ಎಂಬುದರಿಂದ ಬಂತು ಎನ್ನುವುದೇ ನಾನು ಕಂಡುಕೊಂಡ ಉತ್ತರ.

ನನ್ನ ತಾಯಿಯ ತವರು ಬೆಟಗೇರಿ. ಅಜ್ಜಿಯ ಮನೆಯ ಪಡಸಾಲೆಯಲ್ಲಿ ಕುಣಿ ಮಗ್ಗವಿತ್ತು. ಅಜ್ಜ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಲಾಳಿ ಎಸೆಯುವುದನ್ನು ನೋಡುತ್ತ ನನ್ನ ಬೇಸಿಗೆ ರಜೆಗಳು ಕಳೆದವು. ನೂಲು ಮಾಲಕರದು, ಮಗ್ಗ ಮತ್ತು ಮನೆ ಅಜ್ಜನದು, ಸೀರೆಗೆ ಇಷ್ಟು ಎಂದು ಮಜೂರಿ. ದೂರದಲ್ಲಿರುವ ಯಜಮಾನನಿಗಾಗಿ ಮನೆಯಲ್ಲಿ ಕುಳಿತು ದುಡಿಯುವುದು ನಮ್ಮ ಕಡೆಗೆ ಹೊಸದಾಗಿ ಬಂದದ್ದೇನೂ ಅಲ್ಲ ಎಂದು ನಾನು ಹೇಳುವುದು ಇದನ್ನು ಕಂಡಿದ್ದರಿಂದ. ಮಾಲಕರು ಸೀರೆಯನ್ನು ಬೆಳಕಿಗೆ ಹಿಡಿದು ನೋಡುವಾಗ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಎಳೆ ತಪ್ಪಿದ್ದು ಕಂಡರೆ ಒಬ್ಬ ಮಾಲಕರು ಓಣಿಗೆಲ್ಲ ಕೇಳುವಂತೆ ಕೂಗಿ ಮಜೂರಿ ಕಡಿಯುತ್ತಿದ್ದರು. ಇನ್ನೊಬ್ಬರು ಚಾಪೆಯ ಮೇಲೆ ಕುಳಿತು, ನೂಲೇ ಹುರಿ ಬಿಚ್ಚಿದೆಯೋ ಎಂದು ಮೊದಲು ನೋಡುತ್ತಿದ್ದರು. ಅಜ್ಜ ಕೊನೆಯವರೆಗೂ ನೇಯ್ದದ್ದು ಎರಡನೆಯವರಿಗೆ, ಮಜೂರಿ ಸ್ವಲ್ಪ ಕಡಿಮೆಯಿದ್ದರೂ.

ನನ್ನ ಮೊದಲ ಏಜೆನ್ಸಿಯ ಮುಖ್ಯಸ್ಥರು ಸಂದರ್ಶನದಲ್ಲಿ ಬಹಳ ಚೆನ್ನಾಗಿ ಮಾತನಾಡಿದ್ದರು. ನಾವೆಲ್ಲ ಒಂದು ಕುಟುಂಬ, ಇಲ್ಲಿ ಮೇಲು ಕೀಳು ಇಲ್ಲ, ನಿಮ್ಮ ಸಮಯ ನಿಮ್ಮದು ಎಂದಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಬಾಡಿಗೆ ಕೋಣೆ ಖಾಲಿ ಮಾಡಿ ಊರಿಗೆ ಬಂದಿದ್ದ ನನಗೆ ಆ ಮಾತು ಹಿತವಾಗಿ ಕೇಳಿಸಿತು. 400 ಕಿಲೋಮೀಟರ್ ದೂರದ ಊರಿಗೆ ಮತ್ತೆ ಹೋಗದೆ, ತಂದೆ ತಾಯಿಯ ಜೊತೆ ಇದ್ದುಕೊಂಡೇ ನೌಕರಿ ಮಾಡಬಹುದೆನ್ನುವುದು ಆಗ ದೊಡ್ಡ ವಿಷಯವಾಗಿತ್ತು. ಗೋಕುಲ ರಸ್ತೆಯ ಇನ್ಫೋಸಿಸ್ ಆವರಣ ಬಾಗಿಲು ತೆರೆದದ್ದು 2022ರ ಆಗಸ್ಟ್‌ನಲ್ಲಿ. ಅದಕ್ಕೆ ಮುಂಚೆ ನಮ್ಮಂಥವರಿಗೆ ಕಂಪನಿ ನೌಕರಿ ಎಂದರೆ ರಾತ್ರಿಯ ರಾಣಿ ಚೆನ್ನಮ್ಮ ರೈಲು ಎಂದೇ ಅರ್ಥವಾಗುತ್ತಿತ್ತು.

ಸೇರಿ ಮೂರು ತಿಂಗಳಾಗಿರಬೇಕು. ರಾಣೆಬೆನ್ನೂರು ಕಡೆಯ ಸಹೋದ್ಯೋಗಿಯೊಬ್ಬರು ಒಬ್ಬ ಗ್ರಾಹಕರ ಜಾಹೀರಾತಿನಲ್ಲಿ ಹಳೆಯ ಲೋಗೋ ಹಾಕಿಬಿಟ್ಟರು. ಮುಖ್ಯಸ್ಥರು ಆ ಜಾಹೀರಾತಿನ ಚಿತ್ರವನ್ನೂ ಅವರ ಹೆಸರನ್ನೂ ಸ್ಲ್ಯಾಕ್ ಎಂಬ ಸಂದೇಶ ತಂತ್ರಾಂಶದಲ್ಲಿ ಎಲ್ಲರಿರುವ ಚಾನೆಲ್‌ನಲ್ಲಿ ಹಾಕಿ, "ಇಂಥ ಕೆಲಸಕ್ಕೆ ನಾನು ಹಣ ಕೊಡಬೇಕೇ?" ಎಂದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದರು. ಅಲ್ಲಿದ್ದವರು 32 ಜನ. ಐದು ನಿಮಿಷದೊಳಗೆ ಆ ಸಂದೇಶದ ಕೆಳಗೆ ಮೆಚ್ಚುಗೆಯ ಹೆಬ್ಬೆರಳಿನ ಗುರುತುಗಳು ಬೀಳತೊಡಗಿದವು. ಒಂದು, ನಾಲ್ಕು, ಒಂಬತ್ತು. ಆ ಗುರುತುಗಳಲ್ಲಿ ಒಂದು ನನ್ನದು. ಅದನ್ನು ಒತ್ತಿದ್ದಕ್ಕೆ ನಾನು ಇಂದಿಗೂ ನಾಚುತ್ತೇನೆ. ಮುಂದಿನ ಸೋಮವಾರ ಅವರ ಹೆಸರು ಬೂದು ಬಣ್ಣಕ್ಕೆ ತಿರುಗಿತ್ತು, ಖಾತೆ ಮುಚ್ಚಿತ್ತು. ಕಚೇರಿಯಾಗಿದ್ದರೆ ಅವರ ಕುರ್ಚಿಯಾದರೂ ಖಾಲಿ ಕಾಣುತ್ತಿತ್ತು, ಚಹಾದ ಹೊತ್ತಿಗೆ ಯಾರಾದರೂ ಕೇಳುತ್ತಿದ್ದರು. ಇಲ್ಲಿ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಅದರ ಪರಿಣಾಮ ಏನಾಯಿತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ದಿನದಿಂದ ತಪ್ಪುಗಳೇನೂ ಕಡಿಮೆಯಾಗಲಿಲ್ಲ, ತಪ್ಪುಗಳನ್ನು ಹೇಳುವುದು ನಿಂತಿತು. ಕೆಲವು ವಾರಗಳ ನಂತರ ಒಂದು ಜಾಹೀರಾತಿನ ದಿನದ ವೆಚ್ಚದ ಮಿತಿಗೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದು, ಶುಕ್ರವಾರದಿಂದ ಭಾನುವಾರದವರೆಗೆ ಹಣ ಹತ್ತು ಪಟ್ಟು ಹರಿದುಹೋಯಿತು. ಶುಕ್ರವಾರ ಸಂಜೆಯೇ ಒಬ್ಬ ಹೊಸ ಹುಡುಗನಿಗೆ ಅದು ಕಂಡಿತ್ತಂತೆ. ತಾನು ಹೇಳಿದರೆ ತನ್ನ ಹೆಸರೇ ಚಾನೆಲ್‌ನಲ್ಲಿ ಬಂದೀತೆಂದು ಸುಮ್ಮನಿದ್ದನೆಂದು ಆತ ನನಗೆ ಆಮೇಲೆ ಹೇಳಿದ. ನಾನು ಅವನನ್ನು ದೂರಲಾರೆ.

ಹೊತ್ತಿನ ವಿಷಯವೂ ಹಾಗೆಯೇ. ಗ್ರಾಹಕರು ಅಮೆರಿಕದ ಪೂರ್ವ ತೀರದವರು. ಅವರ ಬೆಳಗಿನ 9 ಗಂಟೆ ಎಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30, ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 7.30. ಅಲ್ಲಿಂದ ಶುರುವಾದ ಸಭೆಗಳು 10ರವರೆಗೆ ನಡೆಯುತ್ತಿದ್ದವು, ಮರುದಿನ ಬೆಳಿಗ್ಗೆ 10ಕ್ಕೆ ಹಾಜರಿ ಮಾತ್ರ ತಪ್ಪುವಂತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ನಮ್ಮ ಪರದೆಯ ಚಿತ್ರ ತೆಗೆಯುವ ತಂತ್ರಾಂಶವೊಂದಿತ್ತು. ಮಳೆಗಾಲದಲ್ಲಿ ನಮ್ಮ ಓಣಿಯ ಕರೆಂಟು ಹೋದಾಗ ನಾನು ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಕಿಟಕಿಯ ಬಳಿ ನಿಂತಿದ್ದರೂ ಆ ಹೊತ್ತು "ಕೆಲಸ ಮಾಡದ ಸಮಯ" ಎಂದು ದಾಖಲಾಗುತ್ತಿತ್ತು. ಕೆಲಸಗಾರರನ್ನು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಕರ್ನಾಟಕದ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಆದರೆ ನಾವು ಕೆಲಸಗಾರರೇ ಆಗಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಬ್ಯಾಂಕಿನಲ್ಲಿ.

ಅಪ್ಪ ಮನೆಯ ಮೇಲೊಂದು ಕೋಣೆ ಕಟ್ಟಿಸಲು ಸಾಲ ಕೇಳಿದಾಗ ನನ್ನನ್ನೂ ಸಹಿದಾರಳಾಗಿ ಸೇರಿಸಿದರು. ಮ್ಯಾನೇಜರರು ಫಾರ್ಮ್ 16, ಅಂದರೆ ಸಂಬಳದಲ್ಲಿ ಮುರಿದ ತೆರಿಗೆಯ ಪ್ರಮಾಣಪತ್ರ, ಕೇಳಿದರು. ನನ್ನ ಬಳಿ ಇದ್ದದ್ದು ಫಾರ್ಮ್ 16ಎ. "ಇದು ಸಂಬಳದ್ದಲ್ಲರಿ ಮೇಡಂ, ನೀವು ಅಲ್ಲಿ ನೌಕರರಲ್ಲ," ಎಂದು ಅವರು ಮೃದುವಾಗಿಯೇ ಹೇಳಿದರು. ನೇಮಕಾತಿ ಪತ್ರವೆಂದು ನಾನು ತಿಳಿದಿದ್ದ ಕಾಗದವನ್ನು ಮನೆಗೆ ಬಂದು ಮತ್ತೆ ಓದಿದಾಗ ಎಲ್ಲ ಕಡೆಯೂ "ಕನ್ಸಲ್ಟಂಟ್" ಎಂದಿತ್ತು. ತಿಂಗಳ ಹಣದಲ್ಲಿ ಶೇಕಡ 10ರಷ್ಟನ್ನು ತೆರಿಗೆಯೆಂದು (ಟಿಡಿಎಸ್) ಮುರಿದು ಉಳಿದದ್ದನ್ನು ಕೊಡುತ್ತಿದ್ದರು. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಹೆರಿಗೆ ರಜೆ ಇಲ್ಲ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಪಿಎಫ್ ಕಟ್ಟಬೇಕೆಂಬುದು ಸಾಮಾನ್ಯ ನಿಯಮ. 32 ಜನರಲ್ಲಿ ಬಹುತೇಕ ಎಲ್ಲರನ್ನೂ ಕನ್ಸಲ್ಟಂಟ್ ಎಂದು ಬರೆದುಕೊಂಡರೆ ಆ ಲೆಕ್ಕಕ್ಕೆ ಯಾರೂ ಸಿಗುವುದಿಲ್ಲ. ತನ್ನ ಇಷ್ಟದಂತೆ ಹಲವು ಕಂಪನಿಗಳಿಗೆ ಕೆಲಸ ಮಾಡುವವರಿಗೆ ಕನ್ಸಲ್ಟಂಟ್ ಒಪ್ಪಂದ ಸರಿಯಾದದ್ದೇ, ಅದನ್ನು ಬಯಸಿ ಆರಿಸಿಕೊಂಡವರು ನನಗೆ ಗೊತ್ತು. ಹಾಜರಿ, ಪರದೆಯ ಚಿತ್ರ, ರಜೆಗೆ ಅನುಮತಿ ಎಲ್ಲವನ್ನೂ ನೌಕರರ ಹಾಗೆ ಹೇರಿ, ಹಕ್ಕಿನ ಮಾತು ಬಂದಾಗ ಮಾತ್ರ ನೀವು ನೌಕರರಲ್ಲ ಎನ್ನುವುದು ಮೋಸ. ಇದಕ್ಕಿಂತ ಮೆತ್ತಗಿನ ಪದ ನನ್ನಲ್ಲಿಲ್ಲ.

ಈಗಿನ ಏಜೆನ್ಸಿಗೆ ಸೇರಿದ ಮೊದಲ ವರ್ಷ ನಾನೇ ದೊಡ್ಡದೊಂದು ತಪ್ಪು ಮಾಡಿದೆ. ಬ್ರಿಟನ್ನಿನಲ್ಲಿ ಪೀಠೋಪಕರಣ ಮಾರುವ ಗ್ರಾಹಕರ ಸುದ್ದಿಪತ್ರವನ್ನು ಸಾವಿರಾರು ಜನರಿಗೆ ಕಳಿಸಬೇಕಾಗಿತ್ತು. ನಮ್ಮ ಮಧ್ಯಾಹ್ನ 2 ಗಂಟೆಗೆ, ಅಂದರೆ ಅವರ ಬೆಳಗಿನ 9.30ಕ್ಕೆ, ಕಳಿಸುವ ಗುಂಡಿ ಒತ್ತಿದೆ. 490 ಪೌಂಡಿನ ಊಟದ ಮೇಜಿಗೆ 49 ಪೌಂಡ್ ಎಂದು ಬಿದ್ದಿತ್ತು. ಇಪ್ಪತ್ತು ನಿಮಿಷದಲ್ಲಿ ಗ್ರಾಹಕರಿಂದ ಮೇಲ್ ಬಂತು. ಅಮ್ಮ ಬಡಿಸಿಟ್ಟ ಜೋಳದ ರೊಟ್ಟಿ ತಟ್ಟೆಯಲ್ಲೇ ಇತ್ತು, ನನ್ನ ಕೈ ತಣ್ಣಗಾಗಿತ್ತು. ಸಾಮಾನ್ಯ ಚಾನೆಲ್‌ನಲ್ಲಿ ಮುಖ್ಯಸ್ಥೆಯ ಹೆಸರಿನ ಪಕ್ಕ "ಟೈಪ್ ಮಾಡುತ್ತಿದ್ದಾರೆ" ಎಂದು ಕಾಣಿಸಿಕೊಂಡಾಗ ನನಗೆ ನೆನಪಾದದ್ದು ಆ ಬೂದು ಬಣ್ಣದ ಹೆಸರು.

ಅವರು ಬರೆದದ್ದು ಮೂರು ಸಾಲು: "ಸುದ್ದಿಪತ್ರದಲ್ಲಿ ಬೆಲೆ ತಪ್ಪಾಗಿದೆ. ಕೊನೆಯ ಪರಿಶೀಲನೆ ನನ್ನದಾಗಿತ್ತು, ನಾನು ಬೆಲೆಗಳನ್ನು ನೋಡದೆ ಒಪ್ಪಿಗೆ ಕೊಟ್ಟೆ. ಗ್ರಾಹಕರೊಂದಿಗೆ ನಾನು ಮಾತಾಡುತ್ತಿದ್ದೇನೆ." ನನ್ನ ಹೆಸರು ಅದರಲ್ಲಿರಲಿಲ್ಲ. ಆಮೇಲೆ ನನಗೆ ಫೋನ್ ಮಾಡಿ, "ಊಟ ಆಯ್ತಾ? ಮೊದಲು ಊಟ ಮಾಡಿ. ಮೂರು ಗಂಟೆಗೆ ಇಬ್ಬರೂ ಕೂತು ತಿದ್ದುಪಡಿ ಕಳಿಸೋಣ," ಎಂದರು. ಅಷ್ಟರಲ್ಲಿ ಕೊಂಡವರಿಗೆ ಗ್ರಾಹಕರು 49 ಪೌಂಡಿಗೇ ಮೇಜು ಕೊಟ್ಟರು, ನಷ್ಟದ ಭಾಗವನ್ನು ಏಜೆನ್ಸಿ ತುಂಬಿತು. ಮರುದಿನ ಚರ್ಚೆಯಾದದ್ದು, ಬೆಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೈಯಿಂದ ಬೆರಳಚ್ಚು ಮಾಡುವ ಪದ್ಧತಿ ಏಕಿದೆ ಎಂಬುದರ ಬಗ್ಗೆ. ಇಂದಿಗೂ ನಮ್ಮಲ್ಲಿ ಒಬ್ಬರು ಗ್ರಾಹಕರ ಪಟ್ಟಿಯಿಂದ ಬೆಲೆಗಳನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಸುದ್ದಿಪತ್ರದಲ್ಲಿ ಬೆರಳಿಟ್ಟು ನೋಡುತ್ತಾರೆ. ಆ ವಾರವೇ ಇನ್ನಿಬ್ಬರು ಸಹೋದ್ಯೋಗಿಗಳು ತಮ್ಮ ತಮ್ಮ ಹಳೆಯ ತಪ್ಪುಗಳನ್ನು ತಾವಾಗಿ ಚಾನೆಲ್‌ನಲ್ಲಿ ಬರೆದರು. ಮೊದಲ ಏಜೆನ್ಸಿಯ ಆ ಹುಡುಗ ಇಲ್ಲಿದ್ದಿದ್ದರೆ ಶುಕ್ರವಾರ ಸಂಜೆಯೇ ಹೇಳಿಬಿಡುತ್ತಿದ್ದ.

ನಮ್ಮದು ಸಣ್ಣ ಏಜೆನ್ಸಿ, ಒಳ್ಳೆಯ ಮನಸ್ಸಿನವರು ಸಿಕ್ಕರು ಎಂದು ನೀವು ಹೇಳಬಹುದು. ದೊಡ್ಡ ಕಂಪನಿಯ ಉದಾಹರಣೆಯೂ ಇದೆ. ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ನೌಕರರು ಹಲವು ದೇಶಗಳಲ್ಲಿ ಅವರವರ ಮನೆಗಳಿಂದಲೇ ಕೆಲಸ ಮಾಡುತ್ತಾರೆ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ದಣಿದ ಹೊತ್ತಿನಲ್ಲಿ ಬೇರೊಂದು ಸರ್ವರ್‌ನಲ್ಲಿ ಅಳಿಸಬೇಕಾದ ದತ್ತಾಂಶವನ್ನು ಮುಖ್ಯ ಸರ್ವರ್‌ನಲ್ಲಿಯೇ ಅಳಿಸಿಬಿಟ್ಟರು. ಗೊತ್ತಾಗಿ ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ನೆರವಾಗಬೇಕಿದ್ದ ಬ್ಯಾಕಪ್‌ಗಳು ಕೂಡ ಸರಿಯಾಗಿ ನಡೆಯುತ್ತಿರಲಿಲ್ಲವೆಂಬುದು ಆಗಲೇ ತಿಳಿದದ್ದು. ಕೊನೆಗೆ ಸುಮಾರು ಆರು ಗಂಟೆಗಳ ದತ್ತಾಂಶ ಮರಳಿ ಸಿಗದೇ ಹೋಯಿತು. ಕಂಪನಿ ದುರಸ್ತಿಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು, ಆಮೇಲೆ ಪೂರ್ತಿ ವರದಿ ಪ್ರಕಟಿಸಿತು. ಆ ವರದಿಯಲ್ಲಿ ಎಂಜಿನಿಯರರ ಹೆಸರಿಲ್ಲ, "ಟೀಮ್-ಮೆಂಬರ್-1" ಎಂದಷ್ಟೇ ಇದೆ. ಬ್ಯಾಕಪ್ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಪುಟಗಟ್ಟಲೆ ವಿವರಣೆಯಿದೆ. ನೂಲು ನೋಡಿದ ಬೆಟಗೇರಿಯ ಆ ಮಾಲಕರು ನನಗೆ ಇಲ್ಲಿ ನೆನಪಾಗುತ್ತಾರೆ.

ಈಗಿನ ಕೆಲಸದಲ್ಲಿ ಕಷ್ಟಗಳಿಲ್ಲವೆಂದಲ್ಲ. ಒಂಟಿತನ ಇದ್ದೇ ಇದೆ. ವಾರಕ್ಕೊಮ್ಮೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ಗೆಳತಿಯ ಮನೆಯಲ್ಲಿ ಕುಳಿತು ಕೆಲಸ ಮಾಡುತ್ತೇನೆ. ಓಣಿಯವರಿಗೆ ನಾನು ಮನೆಯಲ್ಲೇ ಇರುವವಳು, ಹಾಗಾಗಿ ಸಿಲಿಂಡರ್ ಬಂದರೂ ಕೊರಿಯರ್ ಬಂದರೂ ನನ್ನ ಬಾಗಿಲೇ ಬಡಿಯುತ್ತಾರೆ. ಇವೆಲ್ಲ ತಾಳಿಕೊಳ್ಳಬಹುದಾದ ಸಂಗತಿಗಳು.

ಗದಗಿನ ಹುಡುಗಿಗೆ ನಾನು ಹೇಳಿದ್ದಿಷ್ಟು. ಕಾಗದದಲ್ಲಿ ನೌಕರಳು ಎಂದಿದೆಯೋ ಕನ್ಸಲ್ಟಂಟ್ ಎಂದಿದೆಯೋ ಮೊದಲು ನೋಡು, ನೌಕರಳಾದರೆ ಎರಡು ತಿಂಗಳಲ್ಲಿ ಪಿಎಫ್ ಪಾಸ್‌ಬುಕ್ಕಿನಲ್ಲಿ ಹಣ ಬಿದ್ದಿದೆಯೇ ಎಂದು ನೋಡು. ಕಳೆದ ಬಾರಿ ದೊಡ್ಡ ತಪ್ಪಾದಾಗ ಏನು ಮಾಡಿದಿರಿ ಎಂದು ಸಂದರ್ಶನದಲ್ಲಿ ನೇರವಾಗಿ ಕೇಳು. ನಮ್ಮಲ್ಲಿ ತಪ್ಪೇ ಆಗುವುದಿಲ್ಲ ಎಂದರೆ ಅಥವಾ ಯಾರದೋ ಹೆಸರು ಹೇಳತೊಡಗಿದರೆ ಬಿಟ್ಟುಬಿಡು. ಕಳೆದ ವರ್ಷ ಬಿಟ್ಟುಹೋದವರಲ್ಲಿ ಒಬ್ಬರ ಜೊತೆ ಮಾತಾಡಬಹುದೇ ಎಂದು ಕೇಳು.

ಕೊನೆಯ ಪ್ರಶ್ನೆ ಕೇಳಲು ಅವಳಿಗೆ ಸಂಕೋಚವಾಗಿತ್ತು. ಹೊಸಬಳಾಗಿ ಹಾಗೆಲ್ಲ ಕೇಳಿದರೆ ಕೆಲಸವೇ ತಪ್ಪಬಹುದೆಂದು ಅವಳ ತಂದೆಯೂ ಹೆದರಿದ್ದರು. ಆದರೂ ಕೇಳಿದಳು. ಎರಡು ದಿನ ಬಿಟ್ಟು ಮುಖ್ಯಸ್ಥರೇ ಉತ್ತರಿಸಿ, ಬಿಟ್ಟುಹೋದ ಇಬ್ಬರ ಒಪ್ಪಿಗೆ ಪಡೆದು ಅವರ ನಂಬರ್ ಕಳಿಸಿದರಂತೆ. ಅವರಲ್ಲಿ ಒಬ್ಬರು ಅವಳ ಜೊತೆ ಮುಕ್ಕಾಲು ಗಂಟೆ ಮಾತಾಡಿ, ಸಂಬಳ ಏರುವುದು ನಿಧಾನ, ಆದರೆ ಜನ ಒಳ್ಳೆಯವರು ಎಂದರಂತೆ. ಮೊನ್ನೆ ಸೋಮವಾರ ಅವಳು ಕೆಲಸಕ್ಕೆ ಸೇರಿದಳು.