ಹೊಸ ಅಭ್ಯಾಸ ಇವತ್ತು ಸಂಜೆಯ ಹಾಲಿನಿಂದಲೇ

ಹಾಲಿನ ಸಂಘಗಳಲ್ಲಿ ಶುದ್ಧ ಹಾಲು ಉತ್ಪಾದನೆಯ ತರಬೇತಿ ಮುಗಿದ ಮೇಲೆ ಸಾಮಾನ್ಯವಾಗಿ ಕೇಳಿಬರುವ ಮಾತು ಇದು: "ಕೊಟ್ಟಿಗೆ ನೆಲ ಕಾಂಕ್ರೀಟ್ ಆಗ್ಲಿ ಸಾರ್, ಕರೆಯೋ ಮೆಷಿನ್ ಬರ್ಲಿ, ಆಮೇಲೆ ಎಲ್ಲಾ ಸರಿಯಾಗಿ ಮಾಡ್ತೀವಿ." ನೆಲವೂ ಬೇಕು, ಮೆಷಿನ್ನೂ ಬೇಕು. ಆದರೆ ಕೆಚ್ಚಲು ಬಾವು ಅವೆರಡಕ್ಕೂ ಕಾಯುವುದಿಲ್ಲ. ದಿನಕ್ಕೆರಡು ಸಲ ಹಸುವಿನ ಪಕ್ಕ ಕೂರುವ ಹತ್ತು ನಿಮಿಷ ಈಗಾಗಲೇ ನಮ್ಮ ಕೈಯಲ್ಲಿದೆ. ಅದು ಬರೀ ಹಾಲು ಇಳಿಸಿಕೊಳ್ಳುವ ಹೊತ್ತಲ್ಲ, ಹಸುವಿನ ಆರೋಗ್ಯ ತಿಳಿಯುವ ಹೊತ್ತು. ಹಾಗೆ ನೋಡದ ಮನೆಗಳಲ್ಲೇ ಕಾಯಿಲೆ ತಡವಾಗಿ ಕಣ್ಣಿಗೆ ಬೀಳುತ್ತದೆ.

ಶುರುವಿಗೆ ಒಂದೇ ಅಭ್ಯಾಸ ಸಾಕು. ಒಳಗೆ ಕಪ್ಪು ಬಣ್ಣ ಇರುವ ಒಂದು ಬಟ್ಟಲು ತೆಗೆದುಕೊಳ್ಳಿ. ಪ್ರತಿ ಮೊಲೆಯಿಂದ ಮೊದಲ ಮೂರ್ನಾಲ್ಕು ಸೆಳೆ ಹಾಲನ್ನು ಅದಕ್ಕೆ ಹಿಂಡಿ ನೋಡಿ. ಬಿಳಿ ಹಾಲಿನಲ್ಲಿರುವ ಗರಣೆ (ಹೆಪ್ಪುಗಟ್ಟಿದ ಚೂರು), ಎಳೆ, ನೀರಾದ ಹಾಲು, ರಕ್ತದ ಛಾಯೆ ಎಲ್ಲವೂ ಕಪ್ಪು ಹಿನ್ನೆಲೆಯಲ್ಲಿ ತಕ್ಷಣ ಕಾಣುತ್ತವೆ. ಸ್ಟೀಲ್ ಬಕೆಟ್ಟಿನಲ್ಲಿ ಕಾಣುವುದಿಲ್ಲ. ತೊಟ್ಟಿನ ತುದಿಯಲ್ಲಿ ನಿಂತ ಆ ಮೊದಲ ಹಾಲಿನಲ್ಲಿ ಬ್ಯಾಕ್ಟೀರಿಯಾ ಕೂಡ ಹೆಚ್ಚು, ಅದು ಕ್ಯಾನಿಗೆ ಹೋಗದಿರುವುದೇ ಮೇಲು. ಅನೇಕರು ಇದನ್ನು ನೆಲಕ್ಕೆ ಹಿಂಡುತ್ತಾರೆ. ಅದರಿಂದ ಸೋಂಕು ಹಸು ಮಲಗುವ ಜಾಗಕ್ಕೇ ಸೇರುತ್ತದೆ. ಬಟ್ಟಲಿನ ಹಾಲನ್ನು ಕೊಟ್ಟಿಗೆಯಿಂದ ದೂರ ಚೆಲ್ಲಿ.

ಬಟ್ಟಲು ಅಡುಗೆಮನೆಯಲ್ಲಿದ್ದರೆ ನಾಲ್ಕು ದಿನದಲ್ಲಿ ಮರೆತುಹೋಗುತ್ತದೆ. ಹಾಲಿನ ಬಕೆಟ್ ನೇತುಹಾಕುವ ಗೂಟಕ್ಕೇ ಅದನ್ನೂ ನೇತುಹಾಕಿ. ಬಕೆಟ್ ತೆಗೆಯುವ ಕೈಗೆ ಬಟ್ಟಲು ತಾನಾಗಿ ಸಿಗಬೇಕು. ಯಾರೂ ನೆನಪಿಸದೆ ಇದು ನಡೆಯತೊಡಗಿದ ಮೇಲೆ ಮುಂದಿನದನ್ನು ಸೇರಿಸಿ. ಆರು ಹೊಸ ಪದ್ಧತಿಗಳನ್ನು ಒಂದೇ ದಿನ ಹಿಡಿದವರು ಆರನ್ನೂ ಒಟ್ಟಿಗೆ ಬಿಟ್ಟುಬಿಡುವುದನ್ನು ಈ ಕೆಲಸದಲ್ಲಿ ಪದೇ ಪದೇ ಕಾಣುತ್ತೇವೆ.

ಎರಡನೆಯದು ಒರೆಸುವುದು. ಕೆಚ್ಚಲನ್ನು ತೊಳೆದು ಹಾಗೇ ಕರೆಯಲು ಕೂತರೆ ಕೊಳೆ ನೀರು ಇಳಿದು ತೊಟ್ಟಿನ ತುದಿಯಲ್ಲಿ ನಿಲ್ಲುತ್ತದೆ. ಅದಕ್ಕಿಂತ ತೊಳೆಯದಿರುವುದೇ ವಾಸಿ ಅನ್ನಿಸುವಷ್ಟು ಕೆಟ್ಟದ್ದು. ಕಡಿಮೆ ನೀರಿನಲ್ಲಿ ಮೊಲೆಗಳನ್ನಷ್ಟೇ ತೊಳೆದು, ಒಂದು ಹಸುವಿಗೆ ಒಂದು ಬಟ್ಟೆಯಂತೆ ಪೂರ್ತಿ ಒಣಗುವ ಹಾಗೆ ಒರೆಸಿ. ಎಲ್ಲಕ್ಕೂ ಒಂದೇ ಬಟ್ಟೆಯಾದರೆ ಒಂದರ ಬಾವು ಎಲ್ಲಕ್ಕೂ ಹಬ್ಬುತ್ತದೆ. ಒರೆಸುವಾಗ ಅಂಗೈಗೆ ಗಮನ ಕೊಡಿ. ಒಂದು ಭಾಗ ಉಳಿದವಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ಹಸು ಕಾಲೆತ್ತುತ್ತದೆಯೇ?

ಈ ಮುಟ್ಟುವಿಕೆಗೇ ಹಸು ಸೊರ ಬಿಡುವುದು, ಅಂದರೆ ಕೆಚ್ಚಲಿನ ಹಾಲನ್ನು ಮೊಲೆಗೆ ಇಳಿಸುವುದು. ಆಗ ಏರುವ, ಹಾಲಿಳಿಸುವ ಹಾರ್ಮೋನ್ ಆದ ಆಕ್ಸಿಟೋಸಿನ್ನಿನ ಪ್ರಭಾವ ಉಳಿಯುವುದು ಸುಮಾರು ಐದರಿಂದ ಏಳು ನಿಮಿಷ, ಅಷ್ಟರೊಳಗೆ ಕರೆದು ಮುಗಿಸಬೇಕು. ನಡುವೆ ಫೋನ್ ಎತ್ತಿದರೆ, ನಾಯಿ ನುಗ್ಗಿದರೆ, ಕೂಗಾಡಿದರೆ ಸೊರ ನಿಂತು ಹಾಲು ಒಳಗೇ ಉಳಿಯುತ್ತದೆ. ಜಿಡ್ಡು ಹೆಚ್ಚಿರುವುದು ಕೊನೆಯ ಹಾಲಿನಲ್ಲಿ. ಡೈರಿಯಲ್ಲಿ ಫ್ಯಾಟ್ (ಜಿಡ್ಡು) ಶೇಕಡಾ 3.5 ಬರಲಿಲ್ಲ ಎಂದು ಹಸುವಿಗೆ ಹಾಕುವ ಹಿಂಡಿಯನ್ನು ಬದಲಾಯಿಸುವ ಮೊದಲು, ಪೂರ್ತಿ ಕರೆದಿದ್ದೇವೆಯೇ ಎಂದು ನೋಡಿಕೊಳ್ಳಿ. ಹೆಬ್ಬೆರಳು ಮಡಚಿ ಎಳೆಯುವುದೂ ಬೇಡ, ಅದು ತೊಟ್ಟಿನ ಒಳಪದರವನ್ನು ಗಾಯ ಮಾಡುತ್ತದೆ. ಇಡೀ ಮುಷ್ಟಿಯಿಂದ ಒತ್ತಿ ಕರೆಯಿರಿ.

ಕರೆದಾದ ಮೇಲೆ ತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆಗ ಹಸು ಸಗಣಿಯ ಮೇಲೆ ಮಲಗಿದರೆ ಸೋಂಕಿಗೆ ದಾರಿ ತೆರೆದೇ ಇರುತ್ತದೆ. ಆದ್ದರಿಂದ ಮೇವನ್ನು ಕರೆದ ನಂತರ ಹಾಕಿ, ತಿನ್ನುತ್ತಾ ನಿಂತಿರುತ್ತದೆ. ಶೇಕಡಾ 0.5 ಅಯೋಡಿನ್ ದ್ರಾವಣದಲ್ಲಿ ತೊಟ್ಟುಗಳನ್ನು ಅದ್ದುವುದನ್ನು ಈ ಹಂತಕ್ಕೆ ಜೋಡಿಸಬಹುದು.

ಗರಣೆ ಕಾಣದೆಯೂ ಬಾವು ಒಳಗೇ ಇರಬಹುದು. ಹಾಲು ನಿಧಾನವಾಗಿ ಕಡಿಮೆಯಾಗುತ್ತದೆ, ಎಸ್‌ಎನ್‌ಎಫ್ (ಹಾಲಿನಲ್ಲಿ ಜಿಡ್ಡು ಬಿಟ್ಟು ಉಳಿದ ಘನಾಂಶ) ಶೇಕಡಾ 8.5ರಿಂದ ಕೆಳಗೆ ಜಾರುತ್ತದೆ, ನೋಡಲು ಹಸು ಚೆನ್ನಾಗಿಯೇ ಇರುತ್ತದೆ. ಇದನ್ನು ತಿಳಿಯಲು ಒಂದು ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಿ. ನಾಲ್ಕು ಬಟ್ಟಲಿನಲ್ಲಿ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ತೆಗೆದು, ಅಷ್ಟಷ್ಟೇ ದ್ರಾವಣ ಬೆರೆಸಿ ಒಂದು ನಿಮಿಷ ತಿರುಗಿಸಿ. ಲೋಳೆಯಂತೆ ಗಟ್ಟಿಯಾದ ಬಟ್ಟಲಿನ ಮೊಲೆಯಲ್ಲಿ ತೊಂದರೆ ಇದೆ. ಗಿಣ್ಣು ಹಾಲೂ, ಬತ್ತುವ ಹಂತದ ಹಾಲೂ ಹೀಗೆ ಗಟ್ಟಿಯಾಗುವುದುಂಟು, ಆಗ ಮೋಸಹೋಗಬೇಡಿ. ತಿಂಗಳ ಮೊದಲ ಭಾನುವಾರ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ.

ಗರಣೆ ಕಂಡ ದಿನವೇ ಪಶುವೈದ್ಯರನ್ನು ಕರೆಸಿ, ಆ ಹಸುವನ್ನು ಕೊನೆಯಲ್ಲಿ ಕರೆಯಿರಿ. ಆ್ಯಂಟಿಬಯಾಟಿಕ್ ಕೊಟ್ಟರೆ ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಆ ಹಾಲು ಡೈರಿಗೂ ಬೇಡ, ಮನೆಗೂ ಬೇಡ.

ಕೊಟ್ಟಿಗೆಯ ಗೋಡೆಯ ಮೇಲೆ ಪ್ರತಿ ಹಸುವಿಗೂ ಸೀಮೆಸುಣ್ಣದಲ್ಲಿ ನಾಲ್ಕು ಮನೆ ಎಳೆಯಿರಿ. ಅನುಮಾನ ಬಂದ ಮೊಲೆಯ ಮನೆಯಲ್ಲಿ ತಾರೀಖು ಬರೆಯಿರಿ. ಮನೆಯ ಹೆಂಗಸರು ಮದುವೆಗೋ ಜಾತ್ರೆಗೋ ಹೋದ ದಿನ ಬೇರೆಯವರು ಕರೆಯಲು ಕೂರುತ್ತಾರಲ್ಲ, ಯಾವ ಹಸುವಿನ ಯಾವ ಮೊಲೆಯನ್ನು ಮೊದಲು ನೋಡಬೇಕೆಂದು ಅವರಿಗೂ ತಿಳಿಯುತ್ತದೆ.