ಮೂಗಿನ ಪ್ಲಾಸ್ಟರ್ ಬಿಚ್ಚಿದ ದಿನ

13 ಜೂನ್ 2025, ಶುಕ್ರವಾರ
ನೀರ್ಚಾಲು, ಕಾಸರಗೋಡು

ಮೂಗಿನ ಆಕಾರ ತಿದ್ದುವ ಆಪರೇಷನ್ ಆಗಿ ಒಂದು ವಾರ, ಇವತ್ತು ಮಂಗಳೂರಿಗೆ ಹೋಗಿ ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದೆ. ಡಾಕ್ಟರು ಕನ್ನಡಿ ಕೈಗೆ ಕೊಟ್ಟರು. ಎಣ್ಣೆಯಿಂದ ಆಗಷ್ಟೇ ತೆಗೆದ ಗೋಳಿಬಜೆಯ ಹಾಗೆ ಉಬ್ಬಿದ ಮೂಗು. ತುದಿ ಆಕಾಶ ನೋಡುತ್ತಾ ಇದೆ. ನನ್ನ ಮುಖ ಸಣ್ಣದಾದದ್ದನ್ನು ಅವರು ಗಮನಿಸಿದರು ಅಂತ ಕಾಣುತ್ತದೆ. "ಇದು ನಿಮ್ಮ ಮೂಗಲ್ಲ, ಊತ. ಮೂಗು ಒಳಗೆ ಉಂಟು" ಅಂದರು.

ಹೊರಗೆ ಬರಲಿಕ್ಕೆ ಎಷ್ಟು ದಿನ ಬೇಕು ಅಂತ ಕೇಳಿದೆ. ಹೆಚ್ಚಿನ ಊತ ಕೆಲವು ವಾರದಲ್ಲಿ ಇಳಿಯುತ್ತದಂತೆ. ತುದಿಯದ್ದು ಮಾತ್ರ ಒಂದು ವರ್ಷ. ದಪ್ಪ ಚರ್ಮದವರಿಗೆ ಇನ್ನೂ ಜಾಸ್ತಿ. ನನ್ನದು ದಪ್ಪ ಚರ್ಮ! ಈ ಮಾತನ್ನು ಮೊದಲೇ ಹೇಳಿದ್ದರು, ನಾನೂ ತಲೆ ಅಲ್ಲಾಡಿಸಿದ್ದೆ. ಆದರೆ ಕಿವಿಗೆ ಬಿದ್ದದ್ದು ತಲೆಗೆ ಹೋಗಿರಲಿಲ್ಲ.

ನನ್ನ ಮೂಗಿನ ನಡುವೆ ಒಂದು ಗೂನು ಇತ್ತು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ. ಅಡಿಕೆ ತೋಟದಲ್ಲಿ ಪಾಲು ಸಿಗುವ ಮೊದಲೇ ಸಿಕ್ಕಿದ ಆಸ್ತಿ. ಯಾರೂ ಹಂಗಿಸಿದ್ದಿಲ್ಲ, ಮದುವೆಯ ಮಾತೂ ಇಲ್ಲ. ಪಕ್ಕದಿಂದ ತೆಗೆದ ಫೋಟೋ ನೋಡಿದಾಗೆಲ್ಲ ನನಗೆ ಕಿರಿಕಿರಿ ಆಗುತ್ತಿತ್ತು, ಅಷ್ಟೆ. ಮೊದಲು ತೋರಿಸಿದ ಕಡೆ ಕಂಪ್ಯೂಟರಿನಲ್ಲಿ ನನ್ನ ಫೋಟೋ ತಿದ್ದಿ, "ಹೀಗೇ ಆಗುತ್ತದೆ, ಗ್ಯಾರಂಟಿ" ಅಂದಿದ್ದರು. ಆ ಗ್ಯಾರಂಟಿಗೇ ಹೆದರಿ ಎದ್ದು ಬಂದೆ. ಎರಡನೆಯವರು ಎದುರಿನಿಂದ, ಎರಡೂ ಬದಿಯಿಂದ, ಕೆಳಗಿನಿಂದ ಫೋಟೋ ತೆಗೆದರು. ಉಸಿರಾಟ ಹೇಗಿದೆ ನೋಡಿದರು. "ಯಾರಿಗೋಸ್ಕರ ಮಾಡಿಸುತ್ತೀರಿ?" ಅಂತ ಎರಡು ಸಲ ಕೇಳಿದರು. "ಸುಧಾರಿಸಬಹುದು, ಗೊಂಬೆ ಮೂಗು ಬೇಕಿದ್ದರೆ ನನ್ನಿಂದಾಗದು. ಕೆಲವರಿಗೆ ಎರಡನೇ ಸಲವೂ ಮಾಡಬೇಕಾಗುತ್ತದೆ" ಅಂದರು. ಅವರನ್ನೇ ನಂಬಿದೆ.

ಆಪರೇಷನ್ ಹೋದ ಶುಕ್ರವಾರ. ಎರಡು ವಾರ ಮೊದಲೇ ಆಸ್ಪಿರಿನ್, ಮೀನೆಣ್ಣೆ ಮಾತ್ರೆ, ಅಮ್ಮನ ಕಷಾಯದ ಪುಡಿ ಎಲ್ಲ ಬಂದ್. ರಕ್ತ ಬೇಗ ಹೆಪ್ಪುಗಟ್ಟದಿದ್ದರೆ ಕಷ್ಟ. ಬೀಡಿ ಸಿಗರೇಟು ಸೇದುವವರು ಇನ್ನೂ ಮೊದಲೇ ಬಿಡಬೇಕು, ಇಲ್ಲದಿದ್ದರೆ ಗಾಯ ಒಣಗಲು ತಡ. ಪೂರ್ತಿ ಅರಿವಳಿಕೆ ಕೊಟ್ಟಿದ್ದರಿಂದ ನನಗೇನೂ ಗೊತ್ತಾಗಲಿಲ್ಲ. ಎರಡು ಹೊಳ್ಳೆಗಳ ನಡುವಿನ ಕಂಬದಲ್ಲಿ ಸಣ್ಣ ಗೀರು ಹಾಕಿ, ಚರ್ಮ ಮೇಲಕ್ಕೆತ್ತಿ, ಗೂನನ್ನು ಉಜ್ಜಿ ತೆಗೆದಿದ್ದಾರೆ. ಗೂನು ಹೋದ ಮೇಲೆ ಮೂಗಿನ ಮಾಡು ಚಪ್ಪಟೆಯಾಗಿ ತೆರೆದುಕೊಳ್ಳುತ್ತದಂತೆ. ಅದನ್ನು ಮುಚ್ಚಲು ಎರಡೂ ಬದಿಯ ಎಲುಬನ್ನು ಸಣ್ಣ ಉಳಿಯಿಂದ ಬಿಡಿಸಿ ಒಳಗೆ ಸರಿಸಬೇಕು. ಕಣ್ಣ ಸುತ್ತ ನೀಲಿಯಾಗುವುದು ಅದಕ್ಕೇ. ತುದಿಗೆ ಊರುಗೋಲಾಗಿ ಒಳಗೋಡೆಯ ಮೆದು ಎಲುಬಿನ ಒಂದು ಚೂರು ಇಟ್ಟಿದ್ದಾರೆ. ಕೆಲವರಿಗೆ ಅದನ್ನು ಕಿವಿಯಿಂದ, ಪಕ್ಕೆಲುಬಿನಿಂದ ತೆಗೆಯುವುದೂ ಉಂಟಂತೆ.

ನೋವು? ನಾನು ಹೆದರಿದ್ದಷ್ಟು ಇರಲಿಲ್ಲ. ಮಾತ್ರೆಯಲ್ಲಿ ಅಡಗಿತು. ತಡೆಯಲಿಕ್ಕಾಗದ್ದು ಮೂಗು ಕಟ್ಟಿದ್ದು. ರಾತ್ರಿಯಿಡೀ ಬಾಯಲ್ಲಿ ಉಸಿರು, ನಾಲಿಗೆ ಒಣಗಿದ ಅಡಿಕೆ ಸಿಪ್ಪೆ. ಮೊದಲ ದಿನ ನುಂಗಿದ ರಕ್ತ ಹೊಟ್ಟೆಗೆ ಹೋಗಿ ವಾಂತಿ. ಮೂಗಿನ ಕೆಳಗೆ ಮೀಸೆಯ ಹಾಗೆ ಬಟ್ಟೆ ಕಟ್ಟಿದ್ದರು, ನೆನೆದಾಗೆಲ್ಲ ಬದಲಿಸಬೇಕು. ಮೂರನೇ ದಿನ ಕಣ್ಣು ತೆರೆಯಲಿಕ್ಕಾಗದಷ್ಟು ಬಾವು. ಆ ದಿನ ಸುಮ್ನೆ ಅತ್ತುಬಿಟ್ಟೆ. ಇದ್ದ ಮೂಗಿಗೆ ಏನಾಗಿತ್ತು ಅಂತ ನನ್ನನ್ನೇ ಬೈದುಕೊಂಡೆ. ಮೊದಲ ವಾರದಲ್ಲಿ ಹೀಗೆ ಮನಸ್ಸು ಕುಸಿಯುವುದು ಮಾಮೂಲಂತೆ. ಇದನ್ನು ಮಾತ್ರ ಯಾರಾದರೂ ಮೊದಲೇ ಹೇಳಬೇಕಿತ್ತು.

ಮೂರು ದಿಂಬು ಇಟ್ಟು ಅರ್ಧ ಕುಳಿತೇ ಮಲಗಬೇಕು. ನಿದ್ದೆ ಎಲ್ಲಿಂದ ಬರಬೇಕು? ಒಂದು ರಾತ್ರಿ ಮೂಗಿನ ಚರಿತ್ರೆ ಓದಿದೆ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ ಕಾವಸ್ಜಿ ಅಂತ ಒಬ್ಬ, ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಅವನಿಗೆ ಪುಣೆಯ ಕಡೆ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಮಾಡಿದರು. ಅದು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು, ಅದನ್ನು ಓದಿ ಕಾರ್ಪ್ಯೂ ಅನ್ನುವ ಡಾಕ್ಟರು 1814ರಲ್ಲಿ ಅಲ್ಲಿ ಮಾಡಿ ನೋಡಿದರು. ಕಾವಸ್ಜಿಗೆ ಅರಿವಳಿಕೆಯೂ ಇರಲಿಲ್ಲ ಪಾಪ. ಓದಿದ ಮೇಲೆ ನನ್ನ ಅಳು ಸ್ವಲ್ಪ ಕಡಿಮೆಯಾಯಿತು.

ಮಾವ ನೋಡಲಿಕ್ಕೆ ಬಂದವರು ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯ ಧ್ವನಿಯಲ್ಲಿ ಕೇಳಿದರು: "ಎಲೈ ಶೂರ್ಪನಖಿ, ನಿನ್ನ ಲಕ್ಷ್ಮಣ ಫೀಸು ಎಷ್ಟು ತಗೊಂಡ?" ನಗಬೇಕು ಅನಿಸಿತು, ಆದರೆ ಮೇಲ್ದುಟಿ ಮರಗಟ್ಟಿತ್ತು. ಫೀಸಿನ ಮಾತು ಬಂತಲ್ಲ, ಚೆಂದಕ್ಕೆ ಮಾಡಿಸಿದ್ದಕ್ಕೆ ಇನ್ಶೂರೆನ್ಸ್ ದುಡ್ಡು ಬರುವುದಿಲ್ಲ. ಎಲ್ಲ ಕೈಯಿಂದಲೇ.

ವಾಪಸು ಬರುವಾಗ ಮಾಸ್ಕ್ ಹಾಕಿಕೊಂಡಿದ್ದೆ. ಕನ್ನಡಕದ ಭಾರ ಮೂಗಿಗೆ ಬೀಳಬಾರದು, ಆರು ವಾರ ಹೀಗೇ. ಅದಕ್ಕೆ ಅದನ್ನು ಹಣೆಗೆ ಟೇಪಿನಲ್ಲಿ ಅಂಟಿಸಿದ್ದೆ. ಆ ಅವತಾರ ಮಾಸ್ಕಿನಲ್ಲಿ ಅಡಗುತ್ತದಾ? ತಲಪಾಡಿ ದಾಟುವ ಮೊದಲೇ ಪಕ್ಕದ ಸೀಟಿನವರು ತುಳುವಿನಲ್ಲಿ "ಮೂಂಕುಗು ದಾನೆ ಆಂಡ್?" ಅಂದರು, ಮೂಗಿಗೆ ಏನಾಯಿತು ಅಂತ. ಕುಂಬಳೆಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಅದನ್ನೇ ಮಲಯಾಳದಲ್ಲಿ "ಮೂಕ್ಕಿನ್ ಎಂದು ಪಟ್ಟಿ?" ಅಂದರು. ನೀರ್ಚಾಲಿನಲ್ಲಿ ಇಳಿದರೆ ಅಂಗಡಿಯವರದ್ದು ಕನ್ನಡದಲ್ಲಿ. ನಮ್ಮೂರಲ್ಲಿ ಒಂದು ಪ್ರಶ್ನೆಗೆ ಮೂರು ಭಾಷೆ, ಅಲ್ವಾ. ಬಿದ್ದೆ ಅಂತ ಮೂರರಲ್ಲೂ ಸುಳ್ಳು ಹೇಳಿದೆ.

ಅಮ್ಮ ಮೂಗು ನೋಡಲೇ ಇಲ್ಲ, ಮೊದಲು ಕೇಳಿದ್ದು ಮೂಗುತಿ. ಆಪರೇಷನ್ ದಿನ ಬಿಚ್ಚಿದ್ದು ಕುಂಕುಮದ ಭರಣಿಯಲ್ಲಿದೆ. ಕೆಲವು ತಿಂಗಳು ಬೇಡ ಅಂದಿದ್ದಾರೆ, ತೂತು ಮುಚ್ಚಿದರೆ ಮತ್ತೆ ಚುಚ್ಚಿಸಬೇಕು. ಅಮ್ಮನಿಗೆ ಇದೇ ದೊಡ್ಡ ಬೇಜಾರು. ಅಪ್ಪ ಮಾತ್ರ ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮ ಮೂಗಿನ ಗೂನು ಸವರಿಕೊಂಡು ತೋಟಕ್ಕೆ ಹೋದರು. ಅದು ನನಗೆ ಯಾಕೋ ಚುಚ್ಚಿತು.

ಸೀನು ಬಂದರೆ ಬಾಯಿ ದೊಡ್ಡದಾಗಿ ತೆರೆದು ಸೀನಬೇಕು, ಮೂಗು ಸೀಂಟಬಾರದು, ಬಗ್ಗಿ ಭಾರ ಎತ್ತಬಾರದು. ಇಷ್ಟು ಬರೆಯುವಷ್ಟರಲ್ಲಿ ಮಳೆ ಜೋರಾಯಿತು. ಕಿಟಕಿಯಿಂದ ತಣ್ಣಗಿನ ಗಾಳಿ. ಒಂದು ಸೀನು ಬರುವ ಹಾಗೆ ಉಂಟು. ಬಾಯಿ ತೆರೆದು ಕುಳಿತಿದ್ದೇನೆ.