ಮುದ್ದೆಯನ್ನು ಅಗಿಯಲು ಕಲಿತದ್ದು

ಮಂಡ್ಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮುದ್ದೆ ಅಗಿಯುವ ಪದಾರ್ಥವಲ್ಲ. ಬಿಸಿ ಮುದ್ದೆಯಿಂದ ತುತ್ತು ಮುರಿದು, ಬೆರಳ ತುದಿಯಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟುಕೊಂಡು ನುಂಗಬೇಕು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ ಎಂದು ನಾನು ಮೂರೋ ನಾಲ್ಕೋ ವರ್ಷದವಳಿದ್ದಾಗ ಅವ್ವ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಳು. ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಆ ಪಾಠವನ್ನು ಮರೆಯಬೇಕಾಯಿತು. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈಗ ಒಂದೂವರೆ ವರ್ಷವಾಗಿದೆ. ಈ ಅವಧಿಯಲ್ಲಿ ಕಷ್ಟವಾದದ್ದು ಏನು ಎಂದು ಯಾರಾದರೂ ಕೇಳಿದರೆ ನಾನು ಆಪರೇಷನ್ ಥಿಯೇಟರಿನ ಹೆಸರು ಹೇಳುವುದಿಲ್ಲ, ನಮ್ಮ ಮನೆಯ ಊಟದ ತಟ್ಟೆಯ ಹೆಸರು ಹೇಳುತ್ತೇನೆ.

ಆಗ ನನ್ನ ತೂಕ 112 ಕಿಲೋ, ಎತ್ತರ 156 ಸೆಂಟಿಮೀಟರ್. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು, ರಾತ್ರಿ ಉಸಿರು ಕಟ್ಟುತ್ತಿದ್ದುದರಿಂದ ಮುಖಕ್ಕೆ ಯಂತ್ರದ ಮುಸುಕು ಹಾಕಿಕೊಂಡು ಮಲಗುತ್ತಿದ್ದೆ, ಶಾಲೆಯ ಎರಡನೆಯ ಮಹಡಿಯ ತರಗತಿಗೆ ಹತ್ತುವಷ್ಟರಲ್ಲಿ ಪಾಠ ಶುರುಮಾಡಲು ದನಿ ಉಳಿಯುತ್ತಿರಲಿಲ್ಲ. ನನಗೆ ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ, ಅದು ಹಿಡಿಯುವುದು ಮೊದಮೊದಲು ಸುಮಾರು 100ರಿಂದ 150 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟ ಕಾಫಿಯಷ್ಟು. ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ, ಆ ಭಾಗವೂ ಹೋಗುವುದರಿಂದ ಹಸಿವೇ ಕುಗ್ಗುತ್ತದೆ. ಇದನ್ನೆಲ್ಲ ವೈದ್ಯರು ಚಿತ್ರ ಬರೆದು ಚೆನ್ನಾಗಿ ವಿವರಿಸಿದ್ದರು. ಜಠರ ಚಿಕ್ಕದಾದರೂ ಕೈ, ಕಣ್ಣು, ಗಂಟಲು ಹಳೆಯವೇ ಆಗಿರುತ್ತವೆ ಎಂಬುದು ಮಾತ್ರ ಉಂಡೇ ತಿಳಿಯಬೇಕಾದ ವಿಷಯ.

ಮೊದಲ ಎರಡು ವಾರ ಬರೀ ದ್ರವ. ಕೆಮ್ಮಿನ ಔಷಧಿಯ ಬಾಟಲಿಯ ಮೇಲೆ ಕವುಚಿಟ್ಟಿರುತ್ತಾರಲ್ಲ, ಗೆರೆ ಹಾಕಿದ ಆ ಪುಟ್ಟ ಪ್ಲಾಸ್ಟಿಕ್ ಲೋಟ, ಅದೇ ನನ್ನ ತಟ್ಟೆ, ಅದೇ ನನ್ನ ಅಳತೆ. ಒಂದು ಲೋಟಕ್ಕೆ 30 ಮಿಲಿ. ಬೇಳೆಯ ತಿಳಿ, ಸೋಸಿದ ಮಜ್ಜಿಗೆ, ಎಳನೀರು, ಹಾಲಿಗೆ ಕಲಸಿದ ಪ್ರೋಟೀನ್ ಪುಡಿ, ಯಾವುದಾದರೂ ಸರಿ, ಹದಿನೈದು ನಿಮಿಷಕ್ಕೊಂದು ಲೋಟದಂತೆ ಗುಟುಕು ಗುಟುಕಾಗಿ ಕುಡಿಯಬೇಕು. ಆಮೇಲೆ ಎರಡು ವಾರ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು, ಆಮೇಲೆ ಬೆರಳಲ್ಲಿ ಹಿಚುಕಿದರೆ ಹಿಚುಕಿಹೋಗುವಷ್ಟು ಮೆತ್ತಗಿನದು. ಆ ದಿನಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ನಿಯಮ ಕಟ್ಟುನಿಟ್ಟಾಗಿದ್ದಾಗ ಪಾಲಿಸುವುದು ಸುಲಭ. ನಿಯಮ ಸಡಿಲವಾದ ದಿನದಿಂದ ನಿಜವಾದ ಪರೀಕ್ಷೆ ಶುರುವಾಗುತ್ತದೆ.

ಅಂಥ ಪರೀಕ್ಷೆ ನನಗೆ ಬಂದದ್ದು ಏಳನೆಯ ವಾರದಲ್ಲಿ, ದೊಡ್ಡಪ್ಪನ ಮೊಮ್ಮಗಳ ಮದುವೆಯ ನಂತರದ ಬೀಗರ ಊಟದಲ್ಲಿ. ಹೋಗದಿದ್ದರೆ ತಪ್ಪು ತಿಳಿಯುತ್ತಾರೆಂದು ಹೋದೆ, ಸುಮ್ಮನೆ ಕುಳಿತರೆ ಎಲ್ಲರೂ ಕೇಳುತ್ತಾರೆಂದು ಎಲೆಯ ಮುಂದೆ ಕುಳಿತೆ. ಬೇಡ ಬೇಡವೆಂದು ಕೈ ಅಡ್ಡ ಹಿಡಿದರೂ ಬಡಿಸುವ ಹುಡುಗ ಮುದ್ದೆ ಇಟ್ಟು ಮೇಲೆ ಮಟನ್ ಸಾರು ಬಿಟ್ಟುಹೋದ. ಬಾಳೆ ಎಲೆ, ಮುದ್ದೆಯ ಆವಿ, ಸಾರಿನ ಘಮ, ಅಕ್ಕಪಕ್ಕದಲ್ಲಿ ಮಾತಾಡುತ್ತ ಉಣ್ಣುವ ಜನ. ಯೋಚಿಸುವ ಮೊದಲೇ ನನ್ನ ಬೆರಳುಗಳು ತುತ್ತು ಮುರಿದು ಉಂಡೆ ಮಾಡಿದ್ದವು. ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ. ಮೂವತ್ತೆಂಟು ವರ್ಷದ ರೂಢಿಯಂತೆ ನುಂಗಿದೆ.

ಅದು ಇಳಿಯಲಿಲ್ಲ. ಎದೆಯ ಮೂಳೆಯ ಹಿಂದೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತೆ ಅಲ್ಲಿಯೇ ನಿಂತಿತು. ಬಾಯಲ್ಲಿ ನೀರೂರಿ ನೊರೆಯಾಯಿತು, ಮೂಗು ಸೋರತೊಡಗಿತು, ನೀರು ಕುಡಿದರೆ ಅದೂ ಮೇಲಕ್ಕೇ ಬಂತು. ಛತ್ರದ ಹಿಂದಿನ ಕೈತೊಳೆಯುವ ತೊಟ್ಟಿಯ ಕಟ್ಟೆ ಹಿಡಿದುಕೊಂಡು ಮುಕ್ಕಾಲು ಗಂಟೆ ನಿಂತಿದ್ದೆ; ಕೊನೆಗೆ ನೊರೆಯ ಜೊತೆಗೆ ಆ ಉಂಡೆ ಹಾಗೆ ಹಾಗೆಯೇ ಹೊರಬಂತು. ಅವ್ವ ಪಕ್ಕದಲ್ಲಿ ನಿಂತು ಬೆನ್ನು ಸವರುತ್ತ, "ಒಂದ್ ತುತ್ತಿಗೆ ಹಿಂಗಾದ್ರೆ ಬದುಕೋದೆಂಗೆ ಮಗ" ಎಂದು ಅಳುತ್ತಿದ್ದಳು. ಆ ಪ್ರಶ್ನೆಗೆ ಆ ದಿನ ನನ್ನ ಬಳಿಯೂ ಉತ್ತರವಿರಲಿಲ್ಲ.

ಮರುದಿನ ಡಯಟಿಷಿಯನ್ ಫೋನಿನಲ್ಲಿ ಗದರಲಿಲ್ಲ. ತುತ್ತು ಕಡಲೆಕಾಳಿನಷ್ಟಿರಬೇಕು, ಬಾಯಲ್ಲಿ ಪೂರ್ತಿ ಹಿಟ್ಟಾಗುವವರೆಗೆ, ಇಪ್ಪತ್ತೈದು ಮೂವತ್ತು ಸಲ ಅಗಿಯಬೇಕು, ಒಂದು ತುತ್ತು ಇಳಿಯಿತೆಂದು ಖಚಿತವಾದ ಮೇಲೆಯೇ ಇನ್ನೊಂದನ್ನು ಎತ್ತಬೇಕು ಎಂದು ಮತ್ತೆ ಮೊದಲಿನಿಂದ ಹೇಳಿದರು. ಮುದ್ದೆಯನ್ನು ಸದ್ಯಕ್ಕೆ ಬಿಟ್ಟು ರಾಗಿ ಅಂಬಲಿ ಮಾಡಿಕೊಳ್ಳಿ ಎಂದರು. ನಾಲ್ಕು ತಿಂಗಳ ಮೇಲೆ ಮತ್ತೆ ಮುದ್ದೆ ತಿಂದಾಗ ಅದನ್ನು ತಟ್ಟೆಯಲ್ಲಿ ಚಪ್ಪಟೆಯಾಗಿ ಹರಡಿಕೊಂಡು, ಹುಳಿಯಲ್ಲಿ ನೆನೆಸಿ, ಚಮಚದ ತುದಿಯಲ್ಲಿ ತೆಗೆದು ಅಗಿದೆ. ಹಲ್ಲಿಗೆ ಮೆತ್ತಿಕೊಂಡಿತು, ಅವ್ವ ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಅಗಿದ ಮುದ್ದೆಗೆ ನಿಧಾನವಾಗಿ ಒಂದು ಸಣ್ಣ ಸಿಹಿ ಹುಟ್ಟುತ್ತದೆ ಎಂಬುದು ನನಗೆ ಆ ದಿನ ಮೊದಲ ಸಲ ಗೊತ್ತಾಯಿತು.

ಅಗಿಯುವುದಕ್ಕಿಂತಲೂ ನಮ್ಮ ಊಟಕ್ಕೆ ಹೊಂದದ ನಿಯಮ ಇನ್ನೊಂದಿದೆ. ಊಟದ ಜೊತೆ ನೀರು ಕುಡಿಯಬಾರದು, ಊಟವಾಗಿ ಅರ್ಧ ಗಂಟೆಯಾದರೂ ಕಾಯಬೇಕು. ದ್ರವ ಸೇರಿದರೆ ಅನ್ನ ಬೇಗ ಕೆಳಗೆ ಜಾರಿಹೋಗಿ ಹೊಟ್ಟೆ ತುಂಬಿದ ಅನುಭವ ಉಳಿಯುವುದಿಲ್ಲ, ಇಲ್ಲವೇ ಇರುವ ಸ್ವಲ್ಪ ಜಾಗವನ್ನು ದ್ರವವೇ ತುಂಬಿಬಿಡುತ್ತದೆ. ಆದರೆ ನಮ್ಮ ಊಟವೇ ದ್ರವದಲ್ಲಿ ತೇಲುವ ಊಟ. ಅನ್ನಕ್ಕೆ ಸಾರು, ಆಮೇಲೆ ತಿಳಿಸಾರು, ಕೊನೆಗೆ ಮಜ್ಜಿಗೆ, ನಡುವೆ ಒಂದು ಲೋಟ ನೀರು. ಇದಕ್ಕೆ ನಾವು ಕಂಡುಕೊಂಡ ದಾರಿ ಊಟದ ಕ್ರಮವನ್ನೇ ಬಿಡಿಸಿಡುವುದು. ಸಾರಿನ ಕಾಳು, ತರಕಾರಿ, ಮೀನು ಅಥವಾ ಮೊಟ್ಟೆ ಮೊದಲು, ಗಟ್ಟಿಯಾಗಿ. ಅದಾದ ಮೇಲೆ ಜಾಗವಿದ್ದರೆ ಎರಡು ಚಮಚ ಅನ್ನವೋ ಮುದ್ದೆಯೋ. ಮಜ್ಜಿಗೆ ಮಾತ್ರ ಗಂಟೆ ಕಳೆದ ಮೇಲೆ, ಅದೂ ಒಂದು ಪಾನೀಯವಾಗಿ. ಅನ್ನವೇ ಊಟ, ಉಳಿದದ್ದು ನೆಂಚಿಕೊಳ್ಳಲು ಎಂದು ತಿಳಿದು ಬೆಳೆದವಳಿಗೆ ಅನ್ನವೇ ನೆಂಚಿಕೊಳ್ಳುವ ಪದಾರ್ಥವಾಯಿತು.

ಪ್ರೋಟೀನಿನ ಲೆಕ್ಕ ಇದಕ್ಕೆ ಕಾರಣ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು, ಇಲ್ಲದಿದ್ದರೆ ದೇಹ ಕೊಬ್ಬಿನ ಜೊತೆಗೆ ಮಾಂಸಖಂಡವನ್ನೂ ಕರಗಿಸಿಕೊಳ್ಳುತ್ತದೆ. ಒಂದು ಮೊಟ್ಟೆಗೆ ಸುಮಾರು 6 ಗ್ರಾಂ, ಒಂದು ಲೋಟ ಹಾಲಿಗೆ ಅಷ್ಟೇ, ನೂರು ಗ್ರಾಂ ಮೀನಿಗೆ ಹತ್ತಿರ ಹತ್ತಿರ 20. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದ್ದರೂ ಪ್ರೋಟೀನು ನೂರು ಗ್ರಾಂ ಹಿಟ್ಟಿಗೆ ಸುಮಾರು 7 ಮಾತ್ರ, ಅಷ್ಟು ಹಿಟ್ಟಿನ ಮುದ್ದೆಯನ್ನು ಈಗ ನಾನು ಎರಡು ದಿನದಲ್ಲಿಯೂ ತಿನ್ನಲಾರೆ. ಆದ್ದರಿಂದ ಬೆಳಿಗ್ಗೆ ಎರಡು ಮೊಟ್ಟೆ, ಹನ್ನೊಂದಕ್ಕೆ ಪುಡಿ ಕಲಸಿದ ಹಾಲು, ಮಧ್ಯಾಹ್ನ ಮೀನೋ ಪನೀರೋ, ಸಂಜೆ ನೆನೆಸಿ ಬೇಯಿಸಿದ ಕಾಳು, ರಾತ್ರಿ ಮತ್ತೆ ಬೇಳೆ ಎಂದು ಹಂಚಿಕೊಂಡರೆ ಲೆಕ್ಕ ಮುಟ್ಟುತ್ತದೆ. ನಾಟಿಕೋಳಿಯ ಎಳೆ ಇವತ್ತಿಗೂ ನನಗೆ ಇಳಿಯುವುದಿಲ್ಲ. ದೋಸೆ ಇಳಿಯುತ್ತದೆ, ಮೆತ್ತಗಿನ ಅನ್ನ ಉಬ್ಬಿ ನಿಲ್ಲುತ್ತದೆ. ಇದಕ್ಕೆ ಎಲ್ಲರಿಗೂ ಒಪ್ಪುವ ಸೂತ್ರವಿಲ್ಲ, ಅವರವರ ಜಠರ ಅವರವರಿಗೆ ಹೇಳುತ್ತದೆ. ನನಗೆ ಸಾಕೆಂಬ ಸೂಚನೆ ಹೊಟ್ಟೆಯಿಂದ ಬರುವುದಿಲ್ಲ, ಒಂದು ಬಿಕ್ಕಳಿಕೆಯಾಗಿ ಬರುತ್ತದೆ. ಅದು ಬಂದ ಮೇಲೆ ಒಂದೇ ಒಂದು ಚಮಚ ಹೆಚ್ಚಾದರೂ ಅರ್ಧ ಗಂಟೆ ಸಂಕಟ ಪಡಬೇಕು.

ಹಸಿವಿನ ಮೌನಕ್ಕೆ ಒಗ್ಗಿಕೊಳ್ಳುವುದು ಬೇರೆಯದೇ ಕೆಲಸ. ಶಾಲೆಯಲ್ಲಿ ಮೊದಲ ತಿಂಗಳು ಎಷ್ಟೋ ಸಲ ನಾಲ್ಕು ಗಂಟೆಯ ಬೆಲ್ಲು ಹೊಡೆದಾಗಲೇ ಡಬ್ಬಿ ತೆಗೆದಿಲ್ಲವೆಂಬುದು ನೆನಪಾಗುತ್ತಿತ್ತು, ತಲೆ ಸುತ್ತುತ್ತಿತ್ತು. ಈಗ ಎರಡನೆಯ, ನಾಲ್ಕನೆಯ ಮತ್ತು ಆರನೆಯ ಪಿರಿಯಡ್ಡಿನ ನಂತರ ಎಂದು ಗಡಿಯಾರ ನೋಡಿ ತಿನ್ನುತ್ತೇನೆ. ನೀರಿನ ಬಾಟಲಿಯ ಮೇಲೆ ಮಗಳು ಗಂಟೆಗೊಂದರಂತೆ ಗೆರೆ ಎಳೆದುಕೊಟ್ಟಿದ್ದಾಳೆ, ಒಂದೂವರೆ ಲೀಟರ್ ಮುಗಿಯುವುದು ಹಾಗೆ. ಮನೆಯಲ್ಲಿ ನಾನು ಬಿಡಬೇಕಾಗಿ ಬಂದ ಅಭ್ಯಾಸ ಇನ್ನೂ ಹಳೆಯದು. ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದ ಅನ್ನ, ಮಕ್ಕಳ ತಟ್ಟೆಯ ಅರ್ಧ ಚಪಾತಿ, ನಾಳೆಗೆ ಹಳಸುತ್ತದೆಂಬ ಪಲ್ಯ, ಇವೆಲ್ಲ ಹೆಂಗಸಿನ ಪಾಲು ಎಂದು ನಮ್ಮ ಅಡುಗೆಮನೆಗಳು ಮಾತಿಲ್ಲದೆ ಕಲಿಸಿಬಿಟ್ಟಿವೆ. ಅನ್ನ ಚೆಲ್ಲಬಾರದೆಂಬ ಮರ್ಯಾದೆಯನ್ನು ನಾನು ಈಗಲೂ ಬಿಟ್ಟಿಲ್ಲ, ಆದರೆ ಆ ಮರ್ಯಾದೆಯನ್ನು ಕಾಯುವ ಹೊಣೆ ನನ್ನೊಬ್ಬಳ ಹೊಟ್ಟೆಯದಲ್ಲ. ಈಗ ಅಕ್ಕಿ ಅಳೆಯುವ ಪಾವೇ ಕಡಿಮೆಯಾಗಿದೆ.

ನಾಲ್ಕನೆಯ ತಿಂಗಳಲ್ಲಿ ಕೂದಲು ಉದುರತೊಡಗಿತು. ಬಾಚಣಿಗೆಯಲ್ಲಿ ಮಾತ್ರವಲ್ಲ, ದಿಂಬಿನ ಮೇಲೆ, ಸೆರಗಿನ ಮೇಲೆ, ಮಕ್ಕಳ ಉತ್ತರಪತ್ರಿಕೆಗಳ ಮೇಲೆ. ಮೊಳ ಮಲ್ಲಿಗೆ ಮುಡಿದರೆ ಜಡೆ ಅದರ ಭಾರಕ್ಕೆ ಜಾರುತ್ತಿತ್ತು. ತೂಕ ವೇಗವಾಗಿ ಇಳಿದಾಗ ದೇಹಕ್ಕಾಗುವ ಆಘಾತದಿಂದ ಕೂದಲ ಬೇರುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ, ಕೆಲವು ತಿಂಗಳಲ್ಲಿ ಮತ್ತೆ ಬರುತ್ತವೆ ಎಂದು ಮೊದಲೇ ಹೇಳಿದ್ದರೂ ನಾನು ಕನ್ನಡಿಯ ಮುಂದೆ ಅತ್ತಿದ್ದೇನೆ. ಒಂಬತ್ತನೆಯ ತಿಂಗಳಿಗೆ ಹಣೆಯ ಅಂಚಿನಲ್ಲಿ ಸಣ್ಣ ಕೂದಲು ಕಾಣಿಸಿಕೊಂಡವು. ಮಾತ್ರೆಗಳು ಮಾತ್ರ ಜೀವನಪೂರ್ತಿ. ಬಿ12 ಹೀರಿಕೊಳ್ಳಲು ಬೇಕಾದ ಒಂದು ಅಂಶ ತಯಾರಾಗುವುದು ಜಠರದಲ್ಲಿಯೇ, ಆ ಜಠರವೇ ಕಡಿಮೆಯಾದ್ದರಿಂದ ಅದನ್ನು ಹೊರಗಿನಿಂದ ಕೊಡಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುವುದರಿಂದ ನಡುವೆ ಎರಡು ಗಂಟೆ ಬಿಡಬೇಕು, ಕಬ್ಬಿಣದ ಹತ್ತಿರ ಕಾಫಿ ಸುಳಿಯಬಾರದು. ತೂಕ ಇಳಿದ ಸಂತೋಷದಲ್ಲಿ ಮಾತ್ರೆ ಬಿಟ್ಟವರು ವರ್ಷಗಳ ನಂತರ ಕೈಕಾಲು ಜೋಮು ಹಿಡಿದು ಆಸ್ಪತ್ರೆಗೆ ಬರುವುದುಂಟು. ದಯವಿಟ್ಟು ಬಿಡಬೇಡಿ.

ಜನರ ಮಾತಿಗೆ ಇಷ್ಟು ಜಾಗ ಬೇಡವೆನಿಸಿದರೂ ಒಂದು ಮಾತು ಹೇಳಬೇಕು. "ಏನಮ್ಮಾ, ಇಷ್ಟ್ ಸೊರಗಿದ್ದೀಯ, ಶುಗರ್ ಜಾಸ್ತಿ ಆಯ್ತಾ?" ಎಂದು ಕೇಳುವವರಿಗೆ ನನ್ನ ಬಗ್ಗೆ ಕಾಳಜಿಯಿದೆ, ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಸುಲಭದ ದಾರಿ ಹಿಡಿದೆ ಎನ್ನುವವರ ಮಾತು ಮಾತ್ರ ನೋಯಿಸುತ್ತದೆ. ಬೊಜ್ಜು ಒಂದು ಕಾಯಿಲೆ. ಏಷ್ಯಾದ ಜನರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆಯಂಥವುಗಳ ಅಪಾಯ ಹೆಚ್ಚೆಂಬ ಕಾರಣಕ್ಕೆ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಶಸ್ತ್ರಚಿಕಿತ್ಸೆಯ ವಿಚಾರದಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಮಿತಿಯನ್ನು ನಮ್ಮವರಿಗೆ 27.5ಕ್ಕೆ ಇಳಿಸಿದೆ, ನನ್ನದು 46 ಇತ್ತು. ಇಪ್ಪತ್ತು ವರ್ಷ ಉಪವಾಸ, ನಡಿಗೆ, ಕಷಾಯ ಎಲ್ಲವನ್ನೂ ಮಾಡಿ ಸೋತ ಮೇಲೆ ನಾನು ಅಲ್ಲಿಗೆ ಹೋದೆ.

ಈಗ 77 ಕಿಲೋ ಇದ್ದೇನೆ. ಹೋದ ನಾಲ್ಕು ತಿಂಗಳಲ್ಲಿ 74ರಿಂದ ಏರಿದ್ದು ಇದು, ಮುಚ್ಚಿಡುವುದಿಲ್ಲ. ಗಟ್ಟಿ ಆಹಾರಕ್ಕೆ ಜಾಗವಿಲ್ಲದ ಜಠರದಲ್ಲಿ ಕೋಡುಬಳೆ, ಖಾರಾ ಮಿಕ್ಸ್ಚರ್, ಐಸ್ ಕ್ರೀಮ್ ಸರಾಗವಾಗಿ ಜಾರುತ್ತವೆ. ಪರೀಕ್ಷೆಯ ಮೌಲ್ಯಮಾಪನದ ದಿನಗಳಲ್ಲಿ ಮೇಜಿನ ಮೇಲೆ ಇರುತ್ತಿದ್ದ ಮಿಕ್ಸ್ಚರ್ ಪೊಟ್ಟಣವೇ ಆ ಮೂರು ಕಿಲೋ. ಯುಗಾದಿಯ ಒಂದು ಹೋಳಿಗೆಗೆ ಎದೆ ಹೊಡೆದುಕೊಂಡು ಬೆವರಿ ಮಲಗಬೇಕಾಗಿ ಬಂದಿದ್ದರಿಂದ ಸಿಹಿಯ ಭಯ ಉಳಿದಿದೆ, ಖಾರಕ್ಕೆ ಅಂಥ ಕಾವಲಿಲ್ಲ.

ಈ ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿರುವವರಿಗೆ ನಾನು ಹೇಳುವುದು ಒಂದೇ: ಡಯಟಿಷಿಯನ್ ಬಳಿಗೆ ಹೋಗುವಾಗ ಮನೆಯಲ್ಲಿ ನಿಮಗೆ ಬಡಿಸುವವರನ್ನು ಮೊದಲ ದಿನವೇ ಕರೆದುಕೊಂಡು ಹೋಗಿ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆ ಮೈಸೂರಿನಲ್ಲಿಯೇ ಇದ್ದಾಳೆ, ಅಡುಗೆ ಅವಳದೇ. ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲವೆಂದು ನಾನೇ ತೀರ್ಮಾನಿಸಿ ಆರು ತಿಂಗಳು ಬಿಟ್ಟು ಹೋಗುತ್ತಿದ್ದೆ. ಆ ಆರು ತಿಂಗಳೂ ಅವಳು ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಿದ್ದಳು, ನಾನು ಸಿಡುಕುತ್ತಿದ್ದೆ, ಅವಳು ಉಣ್ಣದೆ ಮಲಗುತ್ತಿದ್ದಳು. ಆರನೆಯ ತಿಂಗಳ ತಪಾಸಣೆಗೆ ಕರೆದೊಯ್ದಾಗ ಅವಳು ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ತನ್ನದೊಂದು ಪ್ರಶ್ನೆ ಕೇಳಿದಳು. "ಉರುಳಿಕಾಳ್ ಬಸ್ಸಾರು ಮಾಡ್ತೀನಿ ಕನವ್ವ. ಕಟ್ಟು ಕೊಡ್ಲಾ, ಕಾಳು ಕೊಡ್ಲಾ?" ಡಯಟಿಷಿಯನ್ ಬರೆಯುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿ ಕುಳಿತರು. ಕಟ್ಟಿನಲ್ಲಿ ರುಚಿಯಿರುತ್ತದೆ, ಪ್ರೋಟೀನು ಉಳಿಯುವುದು ಕಾಳಿನಲ್ಲಿ, ಅದನ್ನು ಇನ್ನೆರಡು ವಿಷಲ್ ಹೆಚ್ಚು ಕೂಗಿಸಿ ಮಸೆದು ಕೊಡಿ ಎಂದರು. ಅಂದಿನಿಂದ ಬಸ್ಸಾರಿನ ದಿನ ನಮ್ಮ ಮನೆಯ ಕುಕ್ಕರ್ ಎರಡು ಸಲ ಒಲೆಗೇರುತ್ತದೆ. ಮೊದಲ ಸಲ ಎಲ್ಲರಿಗೆ, ಎರಡನೆಯ ಸಲ ಒಂದು ಹಿಡಿ ಕಾಳು ನನಗೆ, ಅದನ್ನು ಅವ್ವ ಮುದ್ದೆ ಕೋಲಿನ ತುದಿಯಲ್ಲಿ ಮಸೆದು ಬಟ್ಟಲಿಗೆ ಹಾಕಿ, ಮೇಲೆ ಎರಡು ಚಮಚ ಕಟ್ಟು ಬಿಟ್ಟು, ಅಷ್ಟಕ್ಕೇ ಸೌಟನ್ನು ಪಾತ್ರೆಗೆ ವಾಪಸ್ಸು ಇಡುತ್ತಾಳೆ.